ದತ್ತು ಮಗುವಿಗಾಗಿ ಮೂರು ವರ್ಷ: ನಾವು ಕಾಯುವಾಗ ಆ ಕಡೆ ನಡೆಯುವುದೇನು?

ನನ್ನ ಅಕ್ಕನ ಮಗಳ ಫೋನಿನಲ್ಲಿ ಒಂದು ಸಂಖ್ಯೆ ಇದೆ. ಬೆಳಿಗ್ಗೆ ಹಾಲು ಒಲೆಯ ಮೇಲಿಟ್ಟು, ಅದು ಉಕ್ಕುವುದರೊಳಗೆ ಅವಳು ಆ ಸಂಖ್ಯೆ ನೋಡಿ ಮುಗಿಸುತ್ತಾಳೆ. ಕೆಲವು ವಾರ ಅದು ಒಂದಿಷ್ಟು ಕೆಳಗಿಳಿದಿರುತ್ತದೆ. ಕೆಲವು ಸಲ ತಿಂಗಳಾದರೂ ಕದಲುವುದಿಲ್ಲ. ದತ್ತು ಮಗುವಿಗಾಗಿ ಕಾದಿರುವವರ ಪಟ್ಟಿಯಲ್ಲಿ ಅವಳ ಮತ್ತು ಅವಳ ಗಂಡನ ಸರದಿ ಅದು.

ಮೊನ್ನೆ ಒಂದು ಗೃಹಪ್ರವೇಶದಲ್ಲಿ ಎಲ್ಲರ ಎದುರಿಗೇ ಅವಳ ಅತ್ತೆ ಕೇಳಿಬಿಟ್ಟರು: “ಆಶ್ರಮದಲ್ಲಿ ಅಷ್ಟೊಂದು ಮಕ್ಕಳಿದಾವೆ. ಒಂದನ್ನ ಕರ್ಕೊಂಡು ಬರೋಕೆ ಮೂರು ವರ್ಷ ಬೇಕೇನಮ್ಮಾ?” ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ಸಮಾಧಾನಕ್ಕೆಂದು ಸೇರಿಸಿದರು: “ತಾಳಿದವನು ಬಾಳಿಯಾನು, ಬಿಡಿ.” ಅವಳು ನಕ್ಕು ಎದ್ದುಹೋದಳು.

ಅತ್ತೆಯ ಪ್ರಶ್ನೆ ಮಾತ್ರ ನ್ಯಾಯವಾದದ್ದೇ. ದತ್ತು ಪಡೆಯಬೇಕೆಂದು ಯೋಚಿಸುವ ಪ್ರತಿಯೊಂದು ಮನೆಯಲ್ಲೂ ಈ ಪ್ರಶ್ನೆ ಏಳುತ್ತದೆ. ಉತ್ತರ ಗೊತ್ತಿಲ್ಲದೆ ಕಾಯುವವರಿಗೆ ತಾಳ್ಮೆಯ ಗಾದೆ ಹೇಳುವುದು ಉರಿಯುವ ಗಾಯಕ್ಕೆ ಉಪ್ಪು ಹಚ್ಚಿದಂತೆ. ಅದಕ್ಕೇ ಗಾದೆಯನ್ನು ಬದಿಗಿಟ್ಟು ಮೊದಲು ಲೆಕ್ಕ ನೋಡೋಣ.

ಆಶ್ರಮದಲ್ಲಿರುವ ಮಗು, ದತ್ತು ಕೊಡಬಹುದಾದ ಮಗು

ಬಾಲಮಂದಿರದಲ್ಲೋ ಖಾಸಗಿ ಆಶ್ರಮದಲ್ಲೋ ಇರುವ ಮಕ್ಕಳೆಲ್ಲ ಅನಾಥರು ಎಂದು ನಾವು ಅಂದುಕೊಳ್ಳುತ್ತೇವೆ. ಅಲ್ಲಿ ಹೋಗಿ ನೋಡಿದರೆ ಚಿತ್ರ ಬೇರೆ. ಒಬ್ಬ ಹುಡುಗನ ಅಪ್ಪ ತೀರಿಕೊಂಡಿದ್ದಾನೆ, ಅಮ್ಮ ಗಾರ್ಮೆಂಟ್ಸ್‌ಗೆ ಹೋಗುತ್ತಾಳೆ, ಹಬ್ಬಕ್ಕೆ ಬಂದು ಮಗನನ್ನು ಊರಿಗೆ ಕರೆದೊಯ್ಯುತ್ತಾಳೆ. ಇನ್ನೊಬ್ಬಳ ತಾಯಿ ಆಸ್ಪತ್ರೆಯಲ್ಲಿದ್ದಾಳೆ. ಮತ್ತೊಬ್ಬ ರೈಲು ಹತ್ತಿ ಬಂದು ಯಾವುದೋ ನಿಲ್ದಾಣದಲ್ಲಿ ಸಿಕ್ಕವನು, ಅವನ ಊರು ಪತ್ತೆಯಾಗಬೇಕು. ಇವರಿಗೆಲ್ಲ ಸದ್ಯಕ್ಕೆ ಒಂದು ಸೂರು ಬೇಕು, ಹೊಸ ಅಪ್ಪ ಅಮ್ಮ ಅಲ್ಲ.

2015ರ ಬಾಲನ್ಯಾಯ ಕಾಯ್ದೆ ಮೂರು ಬಗೆಯ ಮಕ್ಕಳನ್ನು ದತ್ತು ವ್ಯವಸ್ಥೆಯೊಳಗೆ ತರುತ್ತದೆ. ಹೆತ್ತವರೂ ಇಲ್ಲದ, ನೋಡಿಕೊಳ್ಳುವ ಪೋಷಕರೂ ಇಲ್ಲದ ಅನಾಥ ಮಗು ಒಂದು. ಯಾರೋ ಬಿಟ್ಟುಹೋದ, ಅಂದರೆ ಪರಿತ್ಯಕ್ತ ಮಗು ಎರಡನೆಯದು. ಹೆತ್ತವರೇ ಬಂದು, ಸಾಕಲು ಆಗುವುದಿಲ್ಲವೆಂದು ಕಾನೂನಿನ ಪ್ರಕಾರ ಒಪ್ಪಿಸಿದ ಮಗು ಮೂರನೆಯದು. ಈ ಮೂರರಲ್ಲಿ ಯಾವುದೇ ಆಗಲಿ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ವಿಚಾರಣೆ ನಡೆಸಿ “ಈ ಮಗುವನ್ನು ದತ್ತು ಕೊಡಲು ಕಾನೂನಿನ ಅಡ್ಡಿಯಿಲ್ಲ” ಎಂದು ಘೋಷಿಸಬೇಕು. ಆ ಘೋಷಣೆ ಬರುವವರೆಗೆ ಮಗು ಕಣ್ಣೆದುರಿಗೇ ಇದ್ದರೂ ಪಟ್ಟಿಯಲ್ಲಿ ಇರುವುದಿಲ್ಲ.

ಹೀಗೆ ಸೋಸಿ ಸೋಸಿ ಉಳಿಯುವ ಮಕ್ಕಳ ಸಂಖ್ಯೆ ಚಿಕ್ಕದು. 2024-25ರಲ್ಲಿ ಇಡೀ ದೇಶದಲ್ಲಿ ಈ ವ್ಯವಸ್ಥೆಯ ಮೂಲಕ ನಡೆದ ದತ್ತುಗಳು 4,515, ಅದರಲ್ಲಿ ದೇಶದೊಳಗಿನವು 4,155. ಹನ್ನೆರಡು ವರ್ಷಗಳಲ್ಲಿ ಇದೇ ಅತಿ ಹೆಚ್ಚು. ಇತ್ತ ನೋಂದಾಯಿಸಿಕೊಂಡು ಕಾದಿರುವ ಪಾಲಕರು ಮೂವತ್ತು ಸಾವಿರಕ್ಕೂ ಮೇಲೆ. ಎರಡು ವರ್ಷದೊಳಗಿನ ಆರೋಗ್ಯವಂತ ಮಗು ಬೇಕೆನ್ನುವವರ ಕಾಯುವಿಕೆ ಮೂರು ವರ್ಷ ದಾಟುವುದರ ಮೂಲ ಕಾರಣ ಇಷ್ಟೇ.

ಮೊದಲು ವಂಶಕ್ಕೊಂದು ಮಗು, ಈಗ ಮಗುವಿಗೊಂದು ಮನೆ

ದತ್ತು ಎಂದರೆ ಕನ್ನಡಿಗರಿಗೆ ಮೊದಲು ನೆನಪಾಗುವುದು ಕಿತ್ತೂರು. 1824ರಲ್ಲಿ ಶಿವಲಿಂಗಪ್ಪನ ದತ್ತನ್ನು ಕಂಪನಿ ಸರ್ಕಾರ ಒಪ್ಪಲಿಲ್ಲ, ಚೆನ್ನಮ್ಮ ಕತ್ತಿ ಹಿಡಿದಳು. ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ದತ್ತು ತೆಗೆದುಕೊಂಡರು, ಬ್ರಿಟಿಷರ ಒಪ್ಪಿಗೆಗೆ 1867ರವರೆಗೆ ಕಾಯಬೇಕಾಯಿತು. ಮರುವರ್ಷವೇ ಅವರು ತೀರಿಕೊಂಡರು. ಆ ದತ್ತುಗಳೆಲ್ಲ ಪಟ್ಟಕ್ಕೆ, ಆಸ್ತಿಗೆ, ತರ್ಪಣ ಬಿಡುವ ಕೈಗೆ. ಅಲ್ಲಿ ಕೊರತೆ ಇದ್ದದ್ದು ಮನೆತನಕ್ಕೆ. ಆ ಕೊರತೆ ತುಂಬಲು ಮಗು ಬರುತ್ತಿತ್ತು.

ಅಣ್ಣನ ಮಗನನ್ನೋ ತಂಗಿಯ ಮಗಳನ್ನೋ ಮನೆಯೊಳಗೇ ದತ್ತು ಪಡೆಯುವುದಕ್ಕೆ 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆ ಇಂದಿಗೂ ಇದೆ. ನಾವು ಹೇಳುತ್ತಿರುವುದು ಅದಲ್ಲ. ಗುರುತು ಪರಿಚಯವಿಲ್ಲದ ಮಗುವಿಗೆ ಮನೆ ಹುಡುಕುವ ಈಗಿನ ವ್ಯವಸ್ಥೆಯ ಬೇರು 1984ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿದೆ. ವಿದೇಶಕ್ಕೆ ಮಕ್ಕಳನ್ನು ಕಳಿಸುವುದರಲ್ಲಿ ಅಕ್ರಮ ನಡೆಯುತ್ತಿದೆ ಎಂದು ಲಕ್ಷ್ಮೀಕಾಂತ್ ಪಾಂಡೆ ಎಂಬ ವಕೀಲರು ನ್ಯಾಯಾಲಯಕ್ಕೆ ಬರೆದ ಪತ್ರವೇ ಅರ್ಜಿಯಾಗಿ, ನಿಯಮಗಳಿಗೆ ದಾರಿಯಾಯಿತು. 1990ರಲ್ಲಿ ಕೇಂದ್ರೀಯ ದತ್ತು ಸಂಪನ್ಮೂಲ ಪ್ರಾಧಿಕಾರ ಹುಟ್ಟಿತು. ಕಾದಿರುವವರ ಬಾಯಲ್ಲಿ ಇದು ಬರೀ “ಕಾರಾ”. 2015ರವರೆಗೂ ಒಂದೊಂದು ಸಂಸ್ಥೆ ಒಂದೊಂದು ಪಟ್ಟಿ ಇಟ್ಟುಕೊಂಡಿತ್ತು, ಪರಿಚಯ ಇದ್ದವರಿಗೆ ಬೇಗ ಆಗುತ್ತದೆ ಎಂಬ ಗುಮಾನಿ ಸದಾ ಇತ್ತು. ಆ ವರ್ಷದಿಂದ ಇಡೀ ದೇಶಕ್ಕೆ ಆನ್‌ಲೈನ್‌ನಲ್ಲಿ ಒಂದೇ ಸರದಿ. ನಮ್ಮ ಹುಡುಗಿಯ ಫೋನಿನಲ್ಲಿರುವ ಸಂಖ್ಯೆ ಅಲ್ಲಿಂದ ಬಂದದ್ದು.

ಈ ವ್ಯವಸ್ಥೆಯಲ್ಲಿ ಪ್ರಶ್ನೆಯೇ ತಿರುವುಮುರುವಾಗಿದೆ. “ಈ ದಂಪತಿಗೆ ಮಗು ಎಲ್ಲಿ” ಎಂದು ಯಾರೂ ಹುಡುಕುವುದಿಲ್ಲ. “ಈ ಮಗುವಿಗೆ ಮನೆ ಯಾವುದು” ಎಂದು ಹುಡುಕುತ್ತಾರೆ. ಕಾದಿರುವವರಿಗೆ ಇದು ಸ್ವಲ್ಪ ಕಹಿ ಎನಿಸಬಹುದು.

ಆ ಅರವತ್ತು ದಿನ ಯಾರದು?

ಮಗು ಪಟ್ಟಿಗೆ ಬರುವ ಮುಂಚಿನ ದಿನಗಳಲ್ಲಿ ಏನಾಗುತ್ತದೆ ಎನ್ನುವುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಕಾಯುವವರ ಕಣ್ಣಿಗೆ ಬೀಳದ ಭಾಗ ಇದು.

ಹೆತ್ತ ತಾಯಿಯೇ ಮಗುವನ್ನು ಒಪ್ಪಿಸಲು ಬಂದಳು ಎನ್ನಿ. ಮದುವೆಯಾಗದ ಹುಡುಗಿ ಇರಬಹುದು, ಗಂಡ ಬಿಟ್ಟುಹೋದವಳಿರಬಹುದು. ಅವಳು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಕೂರಬೇಕು. ಅಲ್ಲಿ ಅಧ್ಯಕ್ಷರೂ ನಾಲ್ವರು ಸದಸ್ಯರೂ ಇರುತ್ತಾರೆ, ಅವರಲ್ಲಿ ಕನಿಷ್ಠ ಒಬ್ಬರು ಹೆಂಗಸು. ಮೊದಲು ಆಪ್ತ ಸಮಾಲೋಚನೆ: ಬೇರೆ ದಾರಿ ಇಲ್ಲವೇ, ಯಾರಾದರೂ ಒತ್ತಾಯ ಮಾಡುತ್ತಿದ್ದಾರೆಯೇ, ಮಗುವನ್ನು ಬಿಟ್ಟುಕೊಡುವುದರ ಅರ್ಥ ಗೊತ್ತಿದೆಯೇ. ನಂತರ ಒಪ್ಪಿಸುವ ಪತ್ರಕ್ಕೆ ಸಹಿ. ಅವಳ ಗುರುತು ಗುಟ್ಟಾಗಿರುತ್ತದೆ.

ಸಹಿ ಬಿದ್ದ ಮೇಲೂ ಬಾಗಿಲು ಮುಚ್ಚುವುದಿಲ್ಲ. ಮನಸ್ಸು ಬದಲಾಯಿಸಲು ಕಾನೂನು ಅವಳಿಗೆ ಎರಡು ತಿಂಗಳು ಕೊಡುತ್ತದೆ. ಆ ಅವಧಿಯಲ್ಲಿ ಅವಳು ಬಂದು “ನನ್ನ ಮಗು ನನಗೆ ಬೇಕು” ಎಂದು ಕೇಳಬಹುದು. ಹೆರಿಗೆಯ ನೋವು, ಭಯ, ಊರಿನವರ ಮಾತು ಇವೆಲ್ಲ ತಲೆಯ ಮೇಲೆ ಸವಾರಿ ಮಾಡುತ್ತಿರುವ ವಾರದಲ್ಲಿ ತೆಗೆದುಕೊಂಡ ತೀರ್ಮಾನ ಕೊನೆಯ ತೀರ್ಮಾನ ಆಗಬಾರದು ಎಂಬುದು ಇದರ ಹಿಂದಿನ ಯೋಚನೆ. ಬಾಣಂತನ ಮಾಡಿಸಿಕೊಂಡವರಿಗೆ, ಮಾಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನು ಬಿಟ್ಟುಹೋದ ಮಗುವಿನ ಸಂಗತಿ. ಬಸ್ ನಿಲ್ದಾಣದಲ್ಲೋ ಆಸ್ಪತ್ರೆಯ ಮೂಲೆಯಲ್ಲೋ ಸಿಕ್ಕ ಮಗುವಿನ ವಿಷಯವನ್ನು 24 ಗಂಟೆಯೊಳಗೆ ಮಕ್ಕಳ ಸಹಾಯವಾಣಿ 1098ಕ್ಕೋ ಪೊಲೀಸರಿಗೋ ಸಮಿತಿಗೋ ತಿಳಿಸಬೇಕು. ಆಮೇಲೆ ಹೆತ್ತವರ ಹುಡುಕಾಟ. ಆ ಮಗು ಕಳೆದುಹೋದದ್ದೂ ಇರಬಹುದು, ಕದ್ದು ತಂದದ್ದೂ ಇರಬಹುದಲ್ಲ? ಅದಕ್ಕೇ ಕಾಣೆಯಾದ ಮಕ್ಕಳ ದಾಖಲೆಯೊಂದಿಗೆ ತಾಳೆ ನೋಡುತ್ತಾರೆ, ಪೊಲೀಸರಿಂದ ವರದಿ ಪಡೆಯುತ್ತಾರೆ, ಪತ್ರಿಕೆಯಲ್ಲಿ ಪ್ರಕಟಣೆ ಕೊಡುತ್ತಾರೆ. ಆ ಪ್ರಕಟಣೆಗಳನ್ನು ನೀವೂ ನೋಡಿರುತ್ತೀರಿ. ಟೆಂಡರಿಗೂ ಸೈಟಿನ ತಕರಾರಿಗೂ ನಡುವೆ, ಅಂಚೆಚೀಟಿಯಷ್ಟು ಫೋಟೊ, ಕೆಳಗೆ “ಮಗುವಿನ ವಾರಸುದಾರರು ಇದ್ದಲ್ಲಿ ಸಂಪರ್ಕಿಸಿ” ಎಂಬ ಸಾಲು. ನಾನು ವರ್ಷಗಟ್ಟಲೆ ಅವನ್ನು ದಾಟಿ ಪುಟ ಮಗುಚಿದ್ದೇನೆ. ಅಕ್ಕನ ಮಗಳು ಪಟ್ಟಿಗೆ ಸೇರಿದ ಮೇಲೆ ಒಂದೊಂದನ್ನೂ ಓದುತ್ತೇನೆ.

ಎರಡು ವರ್ಷದೊಳಗಿನ ಮಗುವಾದರೆ ಈ ಹುಡುಕಾಟ ಮುಗಿಸಿ ಘೋಷಣೆ ಮಾಡಲು ಎರಡು ತಿಂಗಳು, ಅದಕ್ಕಿಂತ ದೊಡ್ಡ ಮಗುವಾದರೆ ನಾಲ್ಕು ತಿಂಗಳು. ಹೆತ್ತವಳಿಗೆ ಕೊಟ್ಟ ಎರಡು ತಿಂಗಳಿಗೂ ಈ ಹುಡುಕಾಟದ ಅವಧಿಗೂ ಸೇರಿಸಿ ಕಾದಿರುವವರು ಸಲೀಸಾಗಿ “ಅರವತ್ತು ದಿನ” ಎನ್ನುತ್ತಾರೆ. ಆ ಅರವತ್ತು ದಿನ ಕಚೇರಿಯದ್ದೂ ಅಲ್ಲ, ಕಾದಿರುವ ದಂಪತಿಯದ್ದೂ ಅಲ್ಲ. ಅದು ಹೆತ್ತವಳ ಪಾಲಿನ ಕಾಲ. ಯಾವುದೋ ಊರಿನಲ್ಲಿ ಮಗು ಕಳೆದುಕೊಂಡು ಠಾಣೆಯಿಂದ ಠಾಣೆಗೆ ಅಲೆಯುತ್ತಿರಬಹುದಾದ ಅಪ್ಪನ ಕಾಲ.

ಕನ್ನಡದಲ್ಲಿ ‘ಕಾಯು’ ಎಂಬ ಮಾತಿಗೆ ನಿರೀಕ್ಷಿಸು ಎಂಬ ಅರ್ಥವೂ ಇದೆ, ಕಾಪಾಡು ಎಂಬ ಅರ್ಥವೂ ಇದೆ. ಬಸ್ಸಿಗೆ ಕಾಯುತ್ತೇವೆ, ಹೊಲ ಕಾಯುತ್ತೇವೆ. ದತ್ತಿನ ಸರದಿಯಲ್ಲಿ ಈ ಎರಡೂ ಒಟ್ಟಿಗೇ ನಡೆಯುತ್ತವೆ: ಇತ್ತ ದಂಪತಿ ಮಗುವಿಗಾಗಿ ಕಾಯುವಷ್ಟು ದಿನವೂ ಅತ್ತ ಯಾರೋ ಆ ಮಗುವನ್ನು, ಅದರ ಹೆತ್ತವರ ಹಕ್ಕನ್ನು ಕಾಯುತ್ತಿರುತ್ತಾರೆ. ನಾಳೆ ಆ ಮಗು ಮನೆಗೆ ಬಂದ ಮೇಲೆ ಯಾರೂ ಬಾಗಿಲು ತಟ್ಟಿ “ಇದು ನಮ್ಮದು” ಎನ್ನದಂತೆ ನೋಡಿಕೊಳ್ಳುವುದೂ ಅದೇ ಅರವತ್ತು ದಿನ.

ಒಂದು ವಿಚಿತ್ರ ಲೆಕ್ಕ ಇಲ್ಲೇ ಹೇಳಿಬಿಡುತ್ತೇನೆ. 2017ರಲ್ಲಿ ಹೆರಿಗೆ ರಜೆಯ ಕಾಯ್ದೆಗೆ ತಿದ್ದುಪಡಿ ಮಾಡಿ, ಮೂರು ತಿಂಗಳೊಳಗಿನ ಮಗುವನ್ನು ದತ್ತು ಪಡೆದ ತಾಯಿಗೆ 12 ವಾರ ರಜೆ ಎಂದರು. ಎರಡು ತಿಂಗಳು ಘೋಷಣೆಗೇ ಹೋದರೆ, ಉಳಿದ ವಿಧಿವಿಧಾನ ಮುಗಿದು ಮೂರು ತಿಂಗಳೊಳಗೆ ಮಗು ಮನೆಗೆ ಬರುವುದು ಎಲ್ಲಿಂದ? ಈ ಲೆಕ್ಕ ಮುಂದಿಟ್ಟೇ ಆ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಯಿತು.

ಎಲ್ಲ ತಡವೂ ಒಂದೇ ಅಲ್ಲ

ಹಾಗೆಂದು ಮೂರು ವರ್ಷದ ಪ್ರತಿ ದಿನವೂ ಯಾರನ್ನೋ ಕಾಪಾಡುತ್ತಿದೆ ಎಂದರೆ ಸುಳ್ಳಾದೀತು. ವರದಿ ಮೇಜಿನ ಮೇಲೆ ಕೂತುಬಿಡುತ್ತದೆ. ಸಮಿತಿಯಲ್ಲಿ ಸ್ಥಾನ ಖಾಲಿ ಇರುತ್ತದೆ. ಯಾರೂ ಬಂದು ನೋಡದ ಮಗು ವರ್ಷಗಳಿಂದ ಆಶ್ರಮದಲ್ಲಿದ್ದರೂ ಅದನ್ನು ದತ್ತು ಸಂಸ್ಥೆಯೊಂದಿಗೆ ಜೋಡಿಸುವ ಕಾಗದ ಓಡುವುದಿಲ್ಲ. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಜಿಲ್ಲೆಯಲ್ಲೂ ವಿಶೇಷ ದತ್ತು ಸಂಸ್ಥೆ ಇರಬೇಕು, ಆಶ್ರಮಗಳಲ್ಲಿರುವ ಇಂಥ ಮಕ್ಕಳನ್ನು ಗುರುತಿಸುವ ಕೆಲಸ ನಿಯಮಿತವಾಗಿ ನಡೆಯಬೇಕು ಎಂದು ರಾಜ್ಯಗಳಿಗೆ ಹೇಳಿದ್ದು ಈ ಕಾರಣಕ್ಕೇ.

ತಾಳ್ಮೆಯ ಮಾತಾಡುವಾಗ ಈ ಎರಡು ತಡಗಳನ್ನು ಬೇರೆ ಮಾಡಿಕೊಳ್ಳುವುದು ಒಳ್ಳೆಯದು. ಹೆತ್ತವಳಿಗೆ ಕೊಟ್ಟ ಎರಡು ತಿಂಗಳಿಗೆ ತಾಳ್ಮೆ ಸಲ್ಲುತ್ತದೆ. ಮೇಜಿನ ಮೇಲೆ ಧೂಳು ತಿನ್ನುವ ವರದಿಗೆ ಸಲ್ಲಬೇಕಾದ್ದು ಪ್ರಶ್ನೆ. ಆಶ್ರಮದಲ್ಲಿ ಬೆಳೆಯುವ ಮಗುವಿಗೆ ಒಂದು ವರ್ಷ ಎಂದರೆ ಅದರ ಬಾಲ್ಯದ ದೊಡ್ಡ ತುಂಡು, ದೊಡ್ಡವರ ಕ್ಯಾಲೆಂಡರಿನಲ್ಲಿ ಅದು ಕಾಣಿಸುವುದಿಲ್ಲ.

ಮೆಜೆಸ್ಟಿಕ್‌ನಲ್ಲಿ ನಿಂತವರೆಲ್ಲ ಒಂದೇ ಬಸ್ಸಿಗೆ ಕಾಯುತ್ತಿಲ್ಲ

“ನಮಗಿಂತ ಆರು ತಿಂಗಳು ಆಮೇಲೆ ಸೇರಿದವರಿಗೆ ಆಗಲೇ ಮಗು ಬಂತು” ಎಂಬ ದೂರು ಕಾದಿರುವವರ ನಡುವೆ ಸಾಮಾನ್ಯ. ಮೋಸ ನಡೆದಿದೆ ಅನಿಸುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣವನ್ನು ನೆನಪಿಸಿಕೊಳ್ಳಿ. ನೀವು ಎಂಟಕ್ಕೆ ಬಂದು ಶಿರಸಿ ಬಸ್ಸಿಗೆ ನಿಂತಿದ್ದೀರಿ. ಎಂಟೂವರೆಗೆ ಬಂದವರು ತುಮಕೂರು ಬಸ್ ಹತ್ತಿ ಹೊರಟೇಬಿಟ್ಟರು. ಅವರು ನಿಮ್ಮ ಸರದಿ ಕದಿಯಲಿಲ್ಲ, ಅವರ ಬಸ್ಸು ಬೇರೆ.

ನೋಂದಣಿ ಮಾಡುವಾಗ ಪಾಲಕರು ಮಗುವಿನ ವಯಸ್ಸು, ಗಂಡೋ ಹೆಣ್ಣೋ, ಆರೋಗ್ಯ, ಯಾವ ರಾಜ್ಯದಿಂದ ಎಂಬ ಆಯ್ಕೆಗಳನ್ನು ತಿಳಿಸುತ್ತಾರೆ. ಎಲ್ಲರೂ ಹೆಚ್ಚಾಗಿ ನಿಲ್ಲುವುದು “ಎರಡು ವರ್ಷದೊಳಗಿನ ಆರೋಗ್ಯವಂತ ಮಗು” ಎಂಬ ಒಂದೇ ಪ್ಲಾಟ್‌ಫಾರ್ಮಿನಲ್ಲಿ. ಆರೇಳು ವರ್ಷದ ಮಗುವಾದರೂ ಸರಿ, ಅಣ್ಣ ತಂಗಿ ಒಟ್ಟಿಗೆ ಬಂದರೂ ಸರಿ, ಚಿಕಿತ್ಸೆ ಬೇಕಾದ ಮಗುವಾದರೂ ಸರಿ ಎನ್ನುವವರ ಪ್ಲಾಟ್‌ಫಾರ್ಮಿನಲ್ಲಿ ಜನ ಕಡಿಮೆ.

ವಯಸ್ಸಿನ ಲೆಕ್ಕವೂ ಇದೆ. 2022ರ ದತ್ತು ನಿಯಮಗಳ ಪ್ರಕಾರ ಎರಡು ವರ್ಷದವರೆಗಿನ ಮಗುವಿಗೆ ಗಂಡ ಹೆಂಡತಿಯ ವಯಸ್ಸು ಕೂಡಿದರೆ 85 ಮೀರಬಾರದು, ಒಂಟಿ ಪಾಲಕರಾದರೆ 40. ಎರಡರಿಂದ ನಾಲ್ಕು ವರ್ಷದ ಮಗುವಿಗೆ ಇದು 90 ಮತ್ತು 45, ನಾಲ್ಕರಿಂದ ಎಂಟಕ್ಕೆ 100 ಮತ್ತು 50, ಅದಕ್ಕಿಂತ ದೊಡ್ಡ ಮಕ್ಕಳಿಗೆ 110 ಮತ್ತು 55. ಪಾಲಕರಿಗೂ ಮಗುವಿಗೂ ಕನಿಷ್ಠ 25 ವರ್ಷ ಅಂತರ ಇರಬೇಕು. ದಂಪತಿಯಾದರೆ ಎರಡು ವರ್ಷದ ಸಂಸಾರವಾದರೂ ಆಗಿರಬೇಕು. ಒಂಟಿ ಗಂಡಸಿಗೆ ಹೆಣ್ಣುಮಗುವನ್ನು ದತ್ತು ಕೊಡುವುದಿಲ್ಲ.

ನೋಂದಣಿಯ ನಂತರ ಸಮಾಜ ಕಾರ್ಯಕರ್ತರು ಮನೆಗೆ ಬಂದು ಗೃಹ ಅಧ್ಯಯನ ವರದಿ ಬರೆಯುತ್ತಾರೆ. ಮನೆ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮನೆಯವರ ಮನಸ್ಸು ಹೇಗಿದೆ ಎಂದು ನೋಡುವ ಕೆಲಸ ಅದು. ವರದಿಯ ಆಯಸ್ಸು ಮೂರು ವರ್ಷ. ಕಾಯುವಿಕೆಯೇ ಅದಕ್ಕಿಂತ ಉದ್ದವಾದ್ದರಿಂದ ಈಗ ಎಷ್ಟೋ ಮನೆಗೆ ಎರಡನೇ ಸಲ ಬರುತ್ತಾರೆ.

ಗೊತ್ತಿಲ್ಲದ ಕಾಯುವಿಕೆ ಯಾಕೆ ಇಷ್ಟು ಭಾರ?

ಬಸುರಿಗೂ ಕಾಯುವ ಕೆಲಸ ಇದೆ, ಆದರೆ ಅವಳ ಕೈಯಲ್ಲಿ ಒಂದು ತಾರೀಖು ಇರುತ್ತದೆ. ಐದನೇ ತಿಂಗಳು, ಏಳನೇ ತಿಂಗಳು, ಸೀಮಂತ ಎಂದು ದಾರಿಯಲ್ಲಿ ಮೈಲಿಗಲ್ಲುಗಳಿವೆ. ಜನ ಬಂದು ಮಡಿಲು ತುಂಬುತ್ತಾರೆ. ದತ್ತಿಗೆ ಕಾಯುವವಳಿಗೆ ಇದ್ಯಾವುದೂ ಇಲ್ಲ. ಹೊರಗಿನವರಿಗೆ ಏನೂ ನಡೆಯುತ್ತಿಲ್ಲವೆಂದೇ ಕಾಣುತ್ತದೆ.

ಕಾಯುವುದು ಯಾವಾಗ ಉದ್ದ ಅನಿಸುತ್ತದೆ ಎನ್ನುವುದರ ಬಗ್ಗೆ ಡೇವಿಡ್ ಮೈಸ್ಟರ್ ಎಂಬಾತ 1985ರಲ್ಲಿ ಒಂದು ಬರಹದಲ್ಲಿ ಕೆಲವು ಸರಳ ಸಂಗತಿಗಳನ್ನು ಗುರುತಿಸಿದ. ಅವನ ಗಮನ ಇದ್ದದ್ದು ಅಂಗಡಿ, ಹೋಟೆಲುಗಳ ಸಾಲಿನ ಮೇಲೆ. ಕೆಲಸವಿಲ್ಲದೆ ಕಾಯುವುದು ಕೆಲಸ ಮಾಡುತ್ತಾ ಕಾಯುವುದಕ್ಕಿಂತ ಉದ್ದ. ಎಷ್ಟು ಹೊತ್ತು ಎಂದು ಗೊತ್ತಿಲ್ಲದಿದ್ದರೆ ಇನ್ನೂ ಉದ್ದ. ಕಾರಣ ಹೇಳದಿದ್ದರೆ ಉದ್ದ, ಅನ್ಯಾಯ ಅನಿಸಿದರೆ ಉದ್ದ, ಒಬ್ಬರೇ ಕಾದರೆ ಉದ್ದ. ಗಡಿಯಾರದಲ್ಲಿ ಎಲ್ಲವೂ ಅಷ್ಟೇ ನಿಮಿಷ, ಮನಸ್ಸಿನಲ್ಲಿ ಅಲ್ಲ. ದತ್ತಿನ ಸರದಿಯನ್ನು ಈ ಪಟ್ಟಿಗೆ ಹಿಡಿದು ನೋಡಿ. ಅಷ್ಟಕ್ಕಷ್ಟೂ ಹೊಂದುತ್ತದೆ.

ಇದರಿಂದ ಒಂದು ಉಪಯೋಗ ಉಂಟು. ದಿನಾಂಕ ನಮ್ಮ ಕೈಯಲ್ಲಿಲ್ಲ. ಕಾರಣ ತಿಳಿದುಕೊಳ್ಳುವುದು, ಜೊತೆಗೂಡಿ ಕಾಯುವುದು, ಕೆಲಸ ಇಟ್ಟುಕೊಳ್ಳುವುದು ಕೈಯಲ್ಲಿದೆ. ಆಗಲೇ ಮಗುವನ್ನು ಮನೆಗೆ ತಂದ ಕುಟುಂಬಗಳನ್ನು ನಮ್ಮ ಹುಡುಗಿ ಭೇಟಿ ಮಾಡತೊಡಗಿದ ಮೇಲೆ ಅವಳ ಪ್ರಶ್ನೆಗಳೇ ಬದಲಾದವು. ಮೊದಲು “ನಿಮಗೆ ಎಷ್ಟು ದಿನ ಹಿಡಿಯಿತು?” ಎನ್ನುತ್ತಿದ್ದಳು. ಈಗ “ಮೊದಲ ರಾತ್ರಿ ಮಗು ಅತ್ತಿತೇ? ಶಾಲೆಯಲ್ಲಿ ಏನು ಹೇಳಿದಿರಿ?” ಎನ್ನುತ್ತಾಳೆ. ಮೂರು ವರ್ಷದ ಹಿಂದೆ ಮಗು ಬಂದಿದ್ದರೆ ಈ ಪ್ರಶ್ನೆಗಳು ಅವಳಲ್ಲಿ ಇರುತ್ತಿರಲಿಲ್ಲ.

ಅಡ್ಡದಾರಿಯ ಕರೆ

ಕಾದು ಸೋತವರ ಫೋನಿಗೆ ಒಂದಲ್ಲ ಒಂದು ದಿನ ಅಂಥ ಸಂದೇಶ ಬರುತ್ತದೆ. 2021ರಲ್ಲಿ ಕೋವಿಡ್ ಎರಡನೇ ಅಲೆಯ ಹೊತ್ತಿಗೆ “ಹೆತ್ತವರಿಬ್ಬರೂ ತೀರಿಕೊಂಡಿದ್ದಾರೆ, ಹೆಣ್ಣುಮಗು, ದತ್ತು ಬೇಕಾದವರು ಈ ನಂಬರಿಗೆ ಕರೆ ಮಾಡಿ” ಎಂಬ ವಾಟ್ಸಾಪ್ ಸಂದೇಶಗಳು ದೇಶವೆಲ್ಲ ಹರಿದಾಡಿದವು. ಒಳ್ಳೆಯ ಮನಸ್ಸಿನಿಂದ ಮುಂದೆ ಕಳಿಸಿದವರೇ ಹೆಚ್ಚು.

ಕಾನೂನು ಇಲ್ಲಿ ಮೃದುವಲ್ಲ. ಮಗುವನ್ನು ಮಾರುವುದು, ಕೊಳ್ಳುವುದು ಎರಡಕ್ಕೂ ಬಾಲನ್ಯಾಯ ಕಾಯ್ದೆಯಲ್ಲಿ ಐದು ವರ್ಷದವರೆಗೆ ಕಠಿಣ ಸಜೆ ಮತ್ತು ಒಂದು ಲಕ್ಷ ರೂಪಾಯಿ ದಂಡ ಇದೆ. ಮಗು ತನ್ನ ವಶದಲ್ಲಿದ್ದ ಆಸ್ಪತ್ರೆಯವರೇ ಇದನ್ನು ಮಾಡಿದರೆ ಸಜೆ ಮೂರರಿಂದ ಏಳು ವರ್ಷ. ಶಿಕ್ಷೆಗಿಂತ ದೊಡ್ಡ ಪೆಟ್ಟು ಬೇರೆ: ಹಾಗೆ ತಂದ ಮಗುವನ್ನು ಯಾವತ್ತು ಬೇಕಾದರೂ ಸಮಿತಿ ವಾಪಸ್ ಪಡೆಯಬಹುದು. ಆ ಅರವತ್ತು ದಿನ ಹಾರಿಸಿ ಬಂದ ಮನೆಗೆ ಅರವತ್ತು ದಿನದ ರಕ್ಷಣೆಯೂ ಇರುವುದಿಲ್ಲ.

ಸರದಿ ಬಂದ ದಿನ

ವರ್ಷಗಟ್ಟಲೆ ನಿಂತದ್ದು ಆಮೇಲೆ ಓಡತೊಡಗುತ್ತದೆ. ಮಗುವಿನ ಫೋಟೊ, ಮಗುವಿನ ಅಧ್ಯಯನ ವರದಿ, ವೈದ್ಯಕೀಯ ವರದಿ ಪಾಲಕರ ಖಾತೆಗೆ ಬರುತ್ತವೆ. ಆ ಮಗುವನ್ನು ಕಾಯ್ದಿರಿಸಲು ಇರುವುದು 48 ಗಂಟೆ. ಗೊತ್ತಿರುವ ಮಕ್ಕಳ ವೈದ್ಯರಿಗೆ ವರದಿ ತೋರಿಸಿ, ಮನೆಯಲ್ಲಿ ಮಾತಾಡಿ, ತೀರ್ಮಾನ ಮಾಡಬೇಕು. ಆಮೇಲೆ ಮಗುವಿರುವ ಊರಿಗೆ ಹೋಗಿ ನೋಡುವುದು, ಸಂಸ್ಥೆಯ ದತ್ತು ಸಮಿತಿಯ ಮುಂದೆ ಕೂರುವುದು. ಒಪ್ಪಿಗೆಯಾದರೆ ‘ಪೂರ್ವ ದತ್ತು ಪೋಷಣೆ’ ಎಂಬ ಹೆಸರಿನಲ್ಲಿ ಮಗು ಮನೆಗೆ ಬರುತ್ತದೆ. ಕೊನೆಯ ಆದೇಶ ಮೊದಲು ನ್ಯಾಯಾಲಯದಿಂದ ಬರುತ್ತಿತ್ತು. 2022ರ ಸೆಪ್ಟೆಂಬರಿನಿಂದ ಅದನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು, ಅಂದರೆ ನಮ್ಮಲ್ಲಿ ಜಿಲ್ಲಾಧಿಕಾರಿಗಳು ಕೊಡುತ್ತಾರೆ.

ಈಗ ಕಾಯುವ ಸರದಿ ಮಗುವಿನದು

ಮಗು ಬಂತು, ಕಾಯುವುದು ಮುಗಿಯಿತು ಎಂದುಕೊಂಡವರಿಗೆ ಮೊದಲ ವಾರವೇ ಗೊತ್ತಾಗುತ್ತದೆ. ನಾಲ್ಕೈದು ವರ್ಷದ ಮಗು ಚಪಾತಿಯನ್ನು ದಿಂಬಿನ ಕೆಳಗೆ ಬಚ್ಚಿಡಬಹುದು. ಅಮ್ಮ ಸ್ನಾನಕ್ಕೆ ಹೋದರೆ ಬಾಗಿಲು ಬಡಿದು ಅಳಬಹುದು. ಕೇಳಿದ್ದು ಆ ಕ್ಷಣವೇ ಸಿಗಬೇಕೆಂದು ಹಟ ಹಿಡಿಯಬಹುದು. ನೆಂಟರು “ಏನು ತಾಳ್ಮೆಗೆಟ್ಟ ಮಗು” ಎನ್ನುತ್ತಾರೆ.

ಇದಕ್ಕೆ ಸಂಬಂಧಿಸಿದ ಒಂದು ಪ್ರಯೋಗ ನನ್ನ ಮನಸ್ಸಿನಲ್ಲಿ ಉಳಿದಿದೆ. 1960ರ ದಶಕದ ಕೊನೆಯಿಂದ ಸ್ಟ್ಯಾನ್‌ಫರ್ಡ್‌ನಲ್ಲಿ ವಾಲ್ಟರ್ ಮಿಶೆಲ್ ಮಕ್ಕಳ ಮುಂದೆ ತಿಂಡಿ ಇಟ್ಟು, “ಈಗಲೇ ತಿಂದರೆ ಒಂದು, ನಾನು ಬರುವವರೆಗೆ ಕಾದರೆ ಎರಡು” ಎಂದು ಹೇಳಿ ನೋಡುತ್ತಿದ್ದರು. ಕಾಯುವ ಮಗು, ಕಾಯದ ಮಗು ಎಂದು ಜನ ಅದನ್ನು ಸ್ವಭಾವದ ಪರೀಕ್ಷೆಯಾಗಿಯೇ ಓದಿದರು. 2013ರಲ್ಲಿ ಅಮೆರಿಕದ ರೋಚೆಸ್ಟರ್ ವಿಶ್ವವಿದ್ಯಾಲಯದವರು ಮೂರರಿಂದ ಐದು ವರ್ಷದ 28 ಮಕ್ಕಳೊಂದಿಗೆ ಅದಕ್ಕೊಂದು ಮುನ್ನುಡಿ ಸೇರಿಸಿದರು. ತಿಂಡಿಯ ಆಟಕ್ಕೆ ಮೊದಲು ಎಲ್ಲ ಮಕ್ಕಳಿಗೂ “ಸ್ವಲ್ಪ ಕಾದರೆ ಇದಕ್ಕಿಂತ ಚೆಂದದ ಬಣ್ಣದ ಸಾಮಾನು ತರುತ್ತೇನೆ” ಎಂದರು. ಅರ್ಧದಷ್ಟು ಮಕ್ಕಳಿಗೆ ತಂದುಕೊಟ್ಟರು. ಉಳಿದವರ ಬಳಿ ಬರಿಗೈಯಲ್ಲಿ ಬಂದು “ಇಲ್ಲ, ಸಿಗಲಿಲ್ಲ” ಎಂದರು. ಆಮೇಲೆ ತಿಂಡಿ ಇಟ್ಟಾಗ, ಮಾತು ಉಳಿಸಿಕೊಂಡವರನ್ನು ಕಂಡ ಮಕ್ಕಳು ಸರಾಸರಿ 12 ನಿಮಿಷ ಕಾದರು. ಮಾತು ತಪ್ಪಿದವರನ್ನು ಕಂಡ ಮಕ್ಕಳು ಕಾದದ್ದು 3 ನಿಮಿಷ.

ಇದು ಸಣ್ಣ ಪ್ರಯೋಗ, ಅದರ ಮೇಲೆ ಅರಮನೆ ಕಟ್ಟಬೇಕಿಲ್ಲ. ಆದರೆ “ಆಮೇಲೆ ಕೊಡುತ್ತೇನೆ” ಎಂದ ಕೈ ಮತ್ತೆ ಕಾಣಿಸದೇ ಹೋದ ಅನುಭವ ಇರುವ ಮಗು ಚಪಾತಿಯನ್ನು ದಿಂಬಿನ ಕೆಳಗಿಡುವುದು ಬುದ್ಧಿವಂತಿಕೆಯೇ ಎಂದು ಅರ್ಥವಾಗಲು ಇಷ್ಟು ಸಾಕು. ಅಂಥ ಮಗುವಿಗೆ ತಾಳ್ಮೆ ಕಲಿಸುವುದು ಉಪದೇಶದಿಂದ ಆಗುವುದಿಲ್ಲ. “ಐದು ಗಂಟೆಗೆ ಬರುತ್ತೇನೆ” ಎಂದ ಅಮ್ಮ ಐದಕ್ಕೇ ಬಂದು, ನಾಳೆಯೂ ಐದಕ್ಕೇ ಬಂದು, ಹೀಗೆ ತಿಂಗಳುಗಟ್ಟಲೆ ಬರಬೇಕು. ಮೂರು ವರ್ಷ ಕಾದು ಗೊತ್ತಿರುವ ಮನೆಗೆ ಈ ಕೆಲಸ ತೀರಾ ಹೊಸದೇನಲ್ಲ.

ಮಗು ಬಂದ ಮೇಲೆ ಎರಡು ವರ್ಷ, ಆರು ತಿಂಗಳಿಗೊಮ್ಮೆ ಸಮಾಜ ಕಾರ್ಯಕರ್ತರು ಮನೆಗೆ ಬಂದು ಹೋಗುತ್ತಾರೆ. ದತ್ತಿನ ಸಂಗತಿಯನ್ನು ಮಗುವಿಗೆ ಚಿಕ್ಕಂದಿನಿಂದಲೇ, ಕತೆ ಹೇಳುವಂತೆ ಹೇಳಿಬಿಡಿ ಎಂಬುದು ಈ ಕ್ಷೇತ್ರದಲ್ಲಿ ದುಡಿಯುವವರ ಸಲಹೆ. ಹದಿನೆಂಟು ತುಂಬಿದ ಮೇಲೆ ತನ್ನ ಮೂಲದ ಬಗ್ಗೆ ಮಾಹಿತಿ ಕೇಳಲು ನಿಯಮಗಳಲ್ಲೇ ಅವಕಾಶವಿದೆ.

ಅಕ್ಕನ ಮಗಳ ಮನೆಯ ಗೃಹ ಅಧ್ಯಯನ ವರದಿಗೆ ಹೋದ ತಿಂಗಳು ಮೂರು ವರ್ಷ ತುಂಬಿತು. ಅದನ್ನು ನವೀಕರಿಸಲು ಬಂದ ಕಾರ್ಯಕರ್ತೆ, ಮಗುವಿನ ವಯಸ್ಸಿನ ಬಗ್ಗೆ ಮೊದಲು ಹೇಳಿದ್ದೇ ಇರಲಿಯೇ ಎಂದು ಕೇಳಿದರು. ಗಂಡ ಹೆಂಡತಿ ಮುಖ ಮುಖ ನೋಡಿಕೊಂಡು, ನಾಲ್ಕು ವರ್ಷದವರೆಗಿನ ಮಗುವಾದರೂ ಆದೀತು ಎಂದರು. ಇದನ್ನು ಅವರು ಅದಾಗಲೇ ತಿಂಗಳುಗಟ್ಟಲೆ ಮಾತಾಡಿಕೊಂಡಿದ್ದರು. ಅತ್ತೆ ಕಾಫಿ ಲೋಟ ಕೆಳಗಿಟ್ಟು ಕೇಳಿದರು: “ನಾಲ್ಕು ವರ್ಷ ಅಂದ್ರೆ ಮಾತು ಬಂದಿರುತ್ತೆ. ಯಾವ ಭಾಷೆ ಆಡುತ್ತೋ ಅದು?”

ಯಾವ ರಾಜ್ಯದಿಂದ ಬರುತ್ತದೋ ಈಗಲೇ ಹೇಳಲಾಗುವುದಿಲ್ಲ ಎಂದರು ಕಾರ್ಯಕರ್ತೆ. ಈಗ ಮಧ್ಯಾಹ್ನ ಎರಡು ಗಂಟೆಗೆ ಅತ್ತೆ ಟಿವಿಯಲ್ಲಿ ಹಿಂದಿ ಧಾರಾವಾಹಿ ಹಾಕಿಕೊಂಡು ಕೂರುತ್ತಾರೆ, ಅರ್ಥವಾಗದ ಮಾತು ಬಂದಾಗ ಸೊಸೆಯನ್ನು ಕೂಗುತ್ತಾರೆ.